ಚೀಟಿಯಲ್ಲಿ ಬರೆದದ್ದು ಕೈ ಕೇಳಬೇಕಲ್ಲ!

ಮಾರ್ಕೆಟ್ಟಿಗೆ ಹೊರಡುವಾಗ ಚೀಟಿ ಬರೆದುಕೊಂಡೇ ಹೋಗ್ತೀರಿ, ಅಲ್ವಾ? ಎರಡು ಕೆಜಿ ಈರುಳ್ಳಿ, ಒಂದು ಕಟ್ಟು ಕೊತ್ತಂಬರಿ... ವಾಪಸು ಬರುವಾಗ ಚೀಲದಲ್ಲಿ ಪ್ಲಾಸ್ಟಿಕ್ ಡಬ್ಬಿಗಳ ಸೆಟ್ಟೂ ಇರುತ್ತೆ. ಅದರಿಂದ ಮನೆಯೇನೂ ಮುಳುಗೋದಿಲ್ಲ ಬಿಡಿ. ಆದರೆ ಇದೇ ಸ್ವಭಾವ ಇಟ್ಟುಕೊಂಡು ಬಿಟ್‌ಕಾಯಿನ್ ವ್ಯಾಪಾರಕ್ಕಿಳಿದರೆ? ನಾನು ಇಳಿದಿದ್ದೆ, ಅದಕ್ಕೇ ಹೇಳ್ತಿದ್ದೀನಿ.

2021ರ ಏಪ್ರಿಲ್. ಒಂದು ಬಿಟ್‌ಕಾಯಿನ್ 64 ಸಾವಿರ ಡಾಲರ್ ಮುಟ್ಟಿದ ವಾರ. (ಇಡೀ ಕಾಯಿನ್ನೇ ಕೊಳ್ಳಬೇಕೆಂದಿಲ್ಲ, ಕೆಲವು ನೂರು ರೂಪಾಯಿಗೂ ಅದರ ಚೂರು ಸಿಗುತ್ತೆ.) ಲೇಖನಗಳ ಸಂಭಾವನೆಯಿಂದ ಕೂಡಿಟ್ಟಿದ್ದ 20 ಸಾವಿರ ರೂಪಾಯಿ ಹಾಕಿದೆ. ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದೂ ಇಟ್ಟೆ: '17 ಸಾವಿರಕ್ಕೆ ಇಳಿದರೆ ಮಾರಿಬಿಡುವುದು.'

ಹತ್ತು ದಿನದಲ್ಲೇ ಇಳಿಯಿತು. ಮಾರಿದೆನಾ? ಇಲ್ಲ! 17 ಹೊಡೆದುಹಾಕಿ 15 ಅಂತ ಬರೆದೆ. ಮೇ ಮೊದಲ ವಾರ ಬೆಲೆ ಮತ್ತೆ ಮೇಲೆ ಬಂತು. 'ನೋಡಿದ್ಯಾ, ಕಾದದ್ದೇ ಒಳ್ಳೇದಾಯ್ತು' ಅಂತ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ನನ್ನನ್ನು ಕೆಡಿಸಿದ್ದು ಆ ಒಂದು ವಾರವೇ. ಮುಂದೆ 15ನ್ನೂ ದಾಟಿತು, ಅದನ್ನೂ ಹೊಡೆದುಹಾಕಿದೆ.

ಕ್ರಿಪ್ಟೊ ಸೇವೆ ಕೊಡಕೂಡದೆಂದು ಅಲ್ಲಿನ ಬ್ಯಾಂಕುಗಳಿಗೆ ಚೀನಾದಲ್ಲಿ ಎಚ್ಚರಿಕೆ ಹೊರಬಿದ್ದ ಮರುದಿನ, ಮೇ 19. ಲಾಕ್‌ಡೌನ್, ಎಲ್ಲರೂ ಮನೆಯಲ್ಲೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆಲೆ 30 ಸಾವಿರ ಡಾಲರಿನ ಹತ್ತಿರ! ಆಪ್ ತೆರೆದರೆ ಬರೀ ಚಕ್ರ ತಿರುಗ್ತಾ ಇದೆ. ಒಲೆ ಮೇಲೆ ಸಾರು ಉಕ್ಕಿ ಹೋಯಿತು. ರಾತ್ರಿ ಹೇಗೋ ಮಾರಿದಾಗ ಕೈಗೆ ಬಂದದ್ದು ಹನ್ನೊಂದೂವರೆ ಸಾವಿರ.

'ಸುಮ್ಮನೆ ಇಟ್ಟುಕೊಂಡಿದ್ದರೆ ನವೆಂಬರಿನಲ್ಲಿ 68 ಸಾವಿರ ಡಾಲರ್ ದಾಟಿತಲ್ಲಾ' ಅಂತೀರಾ? ನಿಜ. 2022ರ ನವೆಂಬರಿನಲ್ಲಿ 16 ಸಾವಿರಕ್ಕೂ ಕೆಳಗೆ ಹೋದದ್ದೂ ನಿಜವೇ. ವರ್ಷಗಟ್ಟಲೆ ಮರೆತುಬಿಡುವುದು ಒಂದು ದಾರಿ, ಬರೆದ ಬೆಲೆಗೆ ಮಾರುವುದು ಇನ್ನೊಂದು. ನಾನು ಎರಡನ್ನೂ ಮಾಡದೆ ಹೆದರಿಕೆಯಾದಾಗ ಮಾರಿದೆ.

ಷೇರುಪೇಟೆ ಮಧ್ಯಾಹ್ನ ಮೂರೂವರೆಗೆ ಬಾಗಿಲು ಹಾಕುತ್ತೆ. ಈ ಅಂಗಡಿಗೆ ಶಟರ್ರೇ ಇಲ್ಲ. ನೀವು ಮಲಗಿದಾಗಲೂ ಬೆಲೆ ಏರಿಳಿಯುತ್ತೆ. ಆದ್ದರಿಂದ ಪುಸ್ತಕದಲ್ಲಿ ಬರೆದರೆ ಸಾಲದು, ಕೊಂಡ ಕೂಡಲೇ ಆಪ್‌ನಲ್ಲಿ ಸ್ಟಾಪ್‌ಲಾಸ್ ಆರ್ಡರ್ ಹಾಕಿಬಿಡಿ. ಅದರಲ್ಲಿ ಎರಡು ಬೆಲೆ ಕೇಳಿದರೆ, ಮೊದಲನೆಯದು ಆರ್ಡರ್ ಎಚ್ಚರವಾಗುವ ಬೆಲೆ, ಎರಡನೆಯದು ಇದಕ್ಕಿಂತ ಕಡಿಮೆಗೆ ಮಾರಬೇಡ ಅನ್ನೋ ಬೆಲೆ. ಎರಡನ್ನೂ ಒಂದೇ ಇಟ್ಟರೆ ಬೆಲೆ ಧಡಕ್ಕನೆ ಬಿದ್ದಾಗ ಮಾರಾಟವಾಗದೇ ಉಳಿಯಬಹುದು. ಎರಡನೆಯದನ್ನು ತುಸು ಕೆಳಗಿಡಿ. ಆಮೇಲೆ ಮಾತ್ರ ಕೈ ಹಚ್ಚಬೇಡಿ.

ತೆರಿಗೆಯದ್ದು ಇನ್ನೊಂದು ಕಥೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಸೆಸ್ ಬೇರೆ. ಒಂದರಲ್ಲಿ 10 ಸಾವಿರ ಲಾಭ, ಇನ್ನೊಂದರಲ್ಲಿ 10 ಸಾವಿರ ನಷ್ಟ ಅಂದುಕೊಳ್ಳಿ. ನಮ್ಮ ಲೆಕ್ಕದಲ್ಲಿ ಸೊನ್ನೆ. ಸರ್ಕಾರದ ಲೆಕ್ಕದಲ್ಲಿ ನಷ್ಟವನ್ನು ಕಳೆಯುವಂತಿಲ್ಲ, ಮೂರು ಸಾವಿರ ಕಟ್ಟಲೇಬೇಕು! ಕಳೆದದ್ದನ್ನು ಇವತ್ತೇ ಗಳಿಸಿಬಿಡ್ತೀನಿ ಅಂತ ಹಟಕ್ಕೆ ಬಿದ್ದು ಕೊಂಡು ಮಾರುವವರಿಗೆ ಇದು ಹೆಚ್ಚು ಚುರುಕು ಮುಟ್ಟಿಸುತ್ತೆ.

ಮಗಳ ಫೀಸಿನ ದುಡ್ಡು, ಚೀಟಿ ಎತ್ತಿದ ದುಡ್ಡು ಇದಕ್ಕೆ ಬೇಡವೇ ಬೇಡ. ಮುಚ್ಚಿಡುವುದೂ ಬೇಡ. ನಾನು ಮನೆಯವರಿಗೆ ಹೇಳಿದ್ದು ಒಂದು ತಿಂಗಳಾದ ಮೇಲೆ. ಆ ತಿಂಗಳು ಪೂರ್ತಿ ನಿದ್ದೆಯಿರಲಿಲ್ಲ.

ಈಗಲೂ ಅಪರೂಪಕ್ಕೆ ಸಣ್ಣ ಮೊತ್ತ ಹಾಕ್ತೀನಿ. ಮೊನ್ನೆ ಬೆಲೆ ಜಾರ್ತಾ ಇದ್ದಾಗ, 'ಸ್ಟಾಪ್‌ಲಾಸ್ ಸ್ವಲ್ಪ ಕೆಳಗಿಳಿಸಲಾ?' ಅಂತ ಇವರನ್ನು ಕೇಳಿದೆ. 'ಪುಸ್ತಕದಲ್ಲಿ ಏನು ಬರೆದಿದ್ದೀಯ?' ಅಂದರು. ಫೋನು ಚಾರ್ಜಿಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮಾರಾಟವಾಗಿತ್ತು, ಎಂಟುನೂರು ರೂಪಾಯಿ ನಷ್ಟ. ದೋಸೆ ಹಿಟ್ಟು ಚೆನ್ನಾಗಿ ಹುದುಗಿತ್ತು, ತಿಂಡಿಗೆ ಕೂತೆವು.