ಒಂದೇ ಊರು ಸುಟ್ಟಿತು, ಸುದ್ದಿ ಮಾತ್ರ ಹಲವು



"ಪೇಪರಿನಲ್ಲಿ ಬಂದಿದೆ" ಎಂದು ಒಬ್ಬನು ಹೇಳಿಬಿಟ್ಟರೆ ನಮ್ಮಲ್ಲಿ ಅರ್ಧ ವಾದ ಅಲ್ಲಿಗೇ ಮುಗಿದುಹೋಗುತ್ತದೆ. ಯಾವ ಪೇಪರು, ಬರೆದವನು ಯಾರು, ಬರೆಯುವಾಗ ಅವನು ಎಲ್ಲಿ ನಿಂತಿದ್ದ ಎಂದು ಕೇಳುವವರು ಕಡಿಮೆ. ಹಗಲೆಲ್ಲ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರಿಗೆ ಅಚ್ಚಾದ ಅಕ್ಷರದ ಮೇಲೆ ಮರ್ಯಾದೆ ಇರುವುದು ಸಹಜವೇ. ಆದರೆ ಯುದ್ಧದ ಸುದ್ದಿ ಓದುವಾಗ ಈ ಮರ್ಯಾದೆಯನ್ನು ಸ್ವಲ್ಪ ಬದಿಗಿಡಬೇಕು. ಏಕೆಂದರೆ ಯುದ್ಧದಲ್ಲಿ ಬಂದೂಕು ಮಾಡುವ ಕೆಲಸದ ಒಂದು ಪಾಲನ್ನು ಪತ್ರಿಕೆಯೂ ಮಾಡುತ್ತದೆ. ಇದಕ್ಕೆ ಸ್ಪೇನ್ ದೇಶದ ಒಂದು ಊರಿನ ಕಥೆಯನ್ನು ಹೇಳುತ್ತೇನೆ.

1936ರ ಜುಲೈಯಲ್ಲಿ ಸ್ಪೇನಿನ ಚುನಾಯಿತ ಸರಕಾರದ ಮೇಲೆ ಸೇನಾಧಿಪತಿಗಳು ದಂಗೆ ಎದ್ದರು. ಅವರ ಮುಖಂಡನಾದವನು ಜನರಲ್ ಫ್ರಾಂಕೊ. ಅವನಿಗೆ ಹಿಟ್ಲರನೂ ಮುಸೊಲಿನಿಯೂ ವಿಮಾನ, ಸೈನ್ಯ ಕಳಿಸಿದರು. ಸರಕಾರದ ಪಕ್ಷಕ್ಕೆ ಸೋವಿಯತ್ ರಷ್ಯ ಶಸ್ತ್ರ ಕೊಟ್ಟಿತು. ತಮಾಷೆಯೆಂದರೆ, ಸ್ಪೇನಿನ ಜಗಳದಲ್ಲಿ ಕೈಹಾಕುವುದಿಲ್ಲ ಎಂಬ ಒಪ್ಪಂದಕ್ಕೆ ಬ್ರಿಟನ್, ಫ್ರಾನ್ಸ್‌ಗಳ ಜೊತೆಗೆ ಈ ಮೂರು ದೇಶಗಳೂ ಒಪ್ಪಿಗೆ ಕೊಟ್ಟಿದ್ದವು!

ಸ್ಪೇನಿನ ಉತ್ತರಕ್ಕೆ ಬಾಸ್ಕ್ ಜನರ ನಾಡು. ಅಲ್ಲಿ ಗೆರ್ನಿಕಾ ಎಂಬ ಸಣ್ಣ ಪಟ್ಟಣ. 1937ರ ಏಪ್ರಿಲ್ 26, ಸೋಮವಾರ, ಅಲ್ಲಿಯ ಸಂತೆಯ ದಿನ. ಸಂಜೆಯ ಹೊತ್ತಿಗೆ ವಿಮಾನಗಳು ಬಂದವು. ಮೂರು ಗಂಟೆಗೂ ಮಿಕ್ಕಿ ಬಾಂಬು ಸುರಿದವು, ಬೆಂಕಿ ಹಚ್ಚುವ ಬಾಂಬುಗಳನ್ನೂ ಹಾಕಿದವು, ಓಡುವ ಜನರ ಮೇಲೆ ಮಶಿನ್‌ಗನ್ ಹಾರಿಸಿದವು. ಪಟ್ಟಣದ ಬಹುಭಾಗ ಬೂದಿಯಾಯಿತು. ಇದು ನಡೆದ ಸಂಗತಿ. ಇನ್ನು ಪತ್ರಿಕೆಗಳು ಹೇಳಿದ್ದೇನು ನೋಡೋಣ.

ಲಂಡನ್ನಿನ 'ಟೈಮ್ಸ್' ಪತ್ರಿಕೆಯ ಬಾತ್ಮೀದಾರ ಜಾರ್ಜ್ ಸ್ಟೀರ್ ಎಂಬವನು ಹತ್ತಿರದ ಬಿಲ್ಬಾವೊ ನಗರದಲ್ಲಿದ್ದ. ಸುದ್ದಿ ಕೇಳಿದ ರಾತ್ರಿಯೇ ಉರಿಯುವ ಊರಿಗೆ ಹೋದ. ಬದುಕಿ ಉಳಿದವರನ್ನು ಮಾತಾಡಿಸಿದ. ಜರ್ಮನ್ ಗುರುತಿದ್ದ ಬಾಂಬುಗಳನ್ನು ಕಣ್ಣಾರೆ ಕಂಡ. ಏಪ್ರಿಲ್ 28ರಂದು ಅವನ ವರದಿ ಲಂಡನ್ನಿನಲ್ಲೂ 'ನ್ಯೂಯಾರ್ಕ್ ಟೈಮ್ಸ್'ನಲ್ಲೂ ಅಚ್ಚಾಯಿತು. ಮರುದಿನ ಪ್ಯಾರಿಸಿನ ಕಮ್ಯುನಿಸ್ಟ್ ಪತ್ರಿಕೆ 'ಲ್ಯುಮಾನಿತೆ' ಅದನ್ನು ಫ್ರೆಂಚಿನಲ್ಲಿ ಹಾಕಿತು. ಚಿತ್ರಕಾರ ಪಿಕಾಸೊ ಆಗ ಪ್ಯಾರಿಸಿನಲ್ಲಿದ್ದ. ಪತ್ರಿಕೆಗಳಲ್ಲಿ ಬಂದ ಇಂಥ ವರದಿಗಳೇ ಅವನ 'ಗೆರ್ನಿಕಾ' ಚಿತ್ರಕ್ಕೆ ಪ್ರೇರಣೆ.

ಫ್ರಾಂಕೊನ ಕಡೆಯವರು ಏನೆಂದರು? ನಮ್ಮ ವಿಮಾನ ಹಾರಲೇ ಇಲ್ಲ. ಓಡಿಹೋಗುವ ಕೆಂಪು ಬಾವುಟದವರೇ ಊರಿಗೆ ಬೆಂಕಿಯಿಟ್ಟರು, ಎಂದರು. ಜರ್ಮನಿಯ ಪತ್ರಿಕೆಗಳು ಅದನ್ನೇ ಹಾಡಿ, 'ಟೈಮ್ಸ್' ಸುಳ್ಳು ಹೇಳುತ್ತಿದೆ ಎಂದು ಬೈದವು. ಮನೆಗೆ ಬಾಂಬು ಹಾಕಿ, ಮನೆಯವನೇ ಸುಟ್ಟುಕೊಂಡ ಎನ್ನುವುದಕ್ಕೆ ಎಷ್ಟು ಧೈರ್ಯ ಬೇಕು! ಆದರೆ ಅದಕ್ಕೆ ಕಾರಣವಿತ್ತು. ವಿಮಾನ ಜರ್ಮನಿಯದು ಎಂದು ಒಪ್ಪಿದರೆ ಕೈಹಾಕುವುದಿಲ್ಲವೆಂಬ ಒಪ್ಪಂದದ ಬಣ್ಣ ಬಯಲಾಗುತ್ತಿತ್ತು. ಮೇಲಾಗಿ ಬಾಸ್ಕ್ ಜನರು ದೈವಭಕ್ತ ಕೆಥೊಲಿಕರು. ಧರ್ಮರಕ್ಷಣೆಗೆ ಯುದ್ಧ ಹೂಡಿದ್ದೇನೆ ಎನ್ನುತ್ತಿದ್ದ ಫ್ರಾಂಕೊ ಅವರ ಊರನ್ನು ಸುಟ್ಟನೆಂದರೆ ಲೋಕ ಏನೆಂದೀತು? ಆದ್ದರಿಂದ ಸುಳ್ಳು ಕಾಣಿಸಿದಾಗ ಮೊದಲು ಕೇಳಬೇಕಾದ ಪ್ರಶ್ನೆ: ನಿಜ ಹೊರಬಿದ್ದರೆ ಯಾರಿಗೆ ನಷ್ಟ?

ಮೂರು ದಿನದಲ್ಲಿ ಫ್ರಾಂಕೊನ ಸೈನ್ಯ ಆ ಊರನ್ನು ಹಿಡಿಯಿತು. ಆಮೇಲೆ ಅಲ್ಲಿಗೆ ಹೋದ ಪರದೇಶದ ಬಾತ್ಮೀದಾರರು ಅವನ ಅಧಿಕಾರಿಗಳ ಜೊತೆಯಲ್ಲೇ ಹೋಗಬೇಕು, ಅವರು ತೋರಿಸಿದ್ದನ್ನೇ ನೋಡಬೇಕು. ಆಗ ಅದೇ 'ಟೈಮ್ಸ್' ಪತ್ರಿಕೆಯ ಇನ್ನೊಬ್ಬ ಬಾತ್ಮೀದಾರ, ಫ್ರಾಂಕೊನ ಸೈನ್ಯದ ಕಡೆ ಇದ್ದವನು, ಬೆಂಕಿ ನೆಲದ ಮೇಲಿನವರೇ ಹಚ್ಚಿದ್ದಿರಬಹುದು ಎಂಬ ಅರ್ಥ ಬರುವಂತೆ ಬರೆದ. ಒಂದೇ ಪತ್ರಿಕೆ, ಒಂದೇ ಊರು, ಎರಡು ಸುದ್ದಿ! ಗಲ್ಲಾದಲ್ಲಿ ಕೂತವನಿಗೆ ಕಾಣುವ ಹೋಟೆಲು ಬೇರೆ, ಒಲೆಯ ಮುಂದೆ ನಿಂತವನಿಗೆ ಕಾಣುವ ಹೋಟೆಲು ಬೇರೆ. ಇದು ನಮಗೆ ಯಾರೂ ಕಲಿಸಬೇಕಾದ ಪಾಠವಲ್ಲ.

ನಮ್ಮ ದೇಶಕ್ಕೆ ಆಗ ಹೊರಗಿನ ಸುದ್ದಿ ಬಹುಮಟ್ಟಿಗೆ ಬ್ರಿಟನ್ನಿನ ರಾಯಿಟರ್ ಸಂಸ್ಥೆಯ ತಂತಿಯ ಮೂಲಕವೇ ಬರುತ್ತಿತ್ತು. ಅಂದರೆ ಬೇರೆಯವರ ಕಿಟಿಕಿಯಿಂದ ನಾವು ಲೋಕವನ್ನು ನೋಡುತ್ತಿದ್ದೆವು. 1938ರಲ್ಲಿ ಜವಾಹರಲಾಲ್ ನೆಹರೂ ಅವರು ಸ್ವತಃ ಬಾರ್ಸಿಲೋನಾಕ್ಕೆ ಹೋಗಿ ಯುದ್ಧವನ್ನು ಕಂಡುಬಂದದ್ದಕ್ಕೆ ಅಷ್ಟೊಂದು ಬೆಲೆ ಬಂದದ್ದು ಅದಕ್ಕಾಗಿಯೇ.

ಇಷ್ಟು ಹೇಳಿದರೆ ಕಥೆ ಮುಗಿಯಲಿಲ್ಲ. ಫ್ಯಾಸಿಸ್ಟರು ಸುಳ್ಳು ಹೇಳಿದರು, ನಮ್ಮವರು ನಿಜ ಹೇಳಿದರು ಎಂದು ಎದೆ ತಟ್ಟಿಕೊಂಡು ಎದ್ದುಹೋಗುವಂತಿಲ್ಲ. ಮೊದಲ ದಿನ ಬಿಲ್ಬಾವೊದ ಪತ್ರಿಕೆಗಳು ಸತ್ತವರ ಸಂಖ್ಯೆ ಪುಣ್ಯಕ್ಕೆ ಚಿಕ್ಕದು ಎಂದು ಬರೆದವು. ಜನ ಗಾಬರಿಯಾಗದಿರಲಿ ಎಂದು ಹಾಗೆ ಬರೆದಿರಬಹುದೆಂಬ ಶಂಕೆಯನ್ನು ಸ್ಟೀರನೇ ತನ್ನ ವರದಿಯಲ್ಲಿ ಹೇಳಿದ್ದಾನೆ. ಆಮೇಲೆ ಬಾಸ್ಕ್ ಸರಕಾರ ಸತ್ತವರು 1,654 ಎಂದು ಸಾರಿತು. ಈಚಿನ ಇತಿಹಾಸಕಾರರಲ್ಲಿ ಅನೇಕರ ಅಂದಾಜು 150ರಿಂದ 300. ಹೆಚ್ಚು ಎನ್ನುವವರೂ ಇದ್ದಾರೆ. ಶತ್ರು ಊರು ಹಿಡಿದ ಮೇಲೆ ಹೆಣ ಎಣಿಸುವವರು ಯಾರು? ಆ ಜನರ ದುಃಖವನ್ನು ನಾನು ಹಗುರ ಮಾಡುತ್ತಿಲ್ಲ. ನೂರೈವತ್ತು ಹೆಣಗಳು ಸಾಲದೇ? ಆದರೆ ಅಂಕಿಯೊಂದು ಅಲುಗಾಡಿದರೆ, ಊರು ಸುಟ್ಟವನೇ ಅದನ್ನು ಹಿಡಿದುಕೊಂಡು "ನೋಡಿ, ಎಲ್ಲವೂ ಸುಳ್ಳು" ಎನ್ನುತ್ತಾನೆ. ನಮ್ಮ ಕೈಯಾರೆ ನಾವು ಅವನಿಗೆ ದೊಣ್ಣೆ ಕೊಟ್ಟಂತೆ.

ಸ್ಟೀರ್ ಯಾರ ಪಕ್ಷವೂ ಅಲ್ಲದ ಸಾಧುವಾಗಿರಲಿಲ್ಲ. ಬಾಸ್ಕ್ ಜನರ ಮೇಲೆ ಅವನಿಗೆ ಪ್ರೀತಿ ಇತ್ತು, ಅದನ್ನು ಅವನು ಮುಚ್ಚಿಡಲಿಲ್ಲ. ಆದರೂ ಸತ್ತವರೆಷ್ಟು ಎಂದು ಈಗಲೇ ಹೇಳಲು ಸಾಧ್ಯವಿಲ್ಲ ಎಂದು ಬರೆದ. ಕಂಡದ್ದನ್ನು ಕಂಡಷ್ಟೇ ಬರೆದ. ಅದಕ್ಕೇ ಅವನ ವರದಿ ಇಂದಿಗೂ ನಿಂತಿದೆ. ಸ್ಪೇನಿನೊಳಗೆ ಮಾತ್ರ ಫ್ರಾಂಕೊನ ಸುಳ್ಳು ಹಲವಾರು ವರ್ಷ ಸರಕಾರಿ ಸತ್ಯವಾಗಿ ಬಾಳಿತು. ಜರ್ಮನಿಯ ಅಧ್ಯಕ್ಷ ರೋಮಾನ್ ಹೆರ್ಜೋಗ್ ತಮ್ಮ ದೇಶದ ಹೊಣೆಯನ್ನು ಒಪ್ಪಿ ಗೆರ್ನಿಕಾದವರಿಗೆ ಬರೆದದ್ದು 1997ರಲ್ಲಿ, ಅಂದರೆ ಅರುವತ್ತು ವರ್ಷದ ಮೇಲೆ!

ಬಂಧುಗಳೆ, ಇದು ನಮಗೆ ಸಂಬಂಧವಿಲ್ಲದ ದೂರದ ಮಾತೆಂದು ತಿಳಿಯಬೇಡಿ. ಇಂದು ಎಲ್ಲೇ ಯುದ್ಧವಾದರೂ ಅದರ ಸುದ್ದಿ, ಚಿತ್ರ ಎಲ್ಲ ನಿಮಿಷದಲ್ಲಿ ನಮ್ಮ ಮೊಬೈಲಿಗೆ ಬರುತ್ತವೆ. ಸುಳ್ಳೂ ಅಷ್ಟೇ ವೇಗವಾಗಿ ಬರುತ್ತದೆ. ಅದನ್ನು ನಂಬಿ ಒಂದೇ ಕೋಣೆಯಲ್ಲಿ ಚಾಪೆ ಹಾಕಿ ಮಲಗುವ ನಾವು ಜಾತಿ, ಮತ, ದೇಶ ಎಂದು ಕಚ್ಚಾಡಿದರೆ ಲಾಭ ಯಾರಿಗೆ? "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದರು ಹಿರಿಯರು. ಕಾಣದ್ದನ್ನು ಇನ್ನೆಷ್ಟು ಪ್ರಮಾಣಿಸಬೇಕು!

ನಮ್ಮ ಸಂಘಕ್ಕೂ ಈ ಮಾತು ಅನ್ವಯಿಸುತ್ತದೆ. ನಾವು ಕಾರ್ಮಿಕರ ಪಕ್ಷ. ಅದನ್ನು ಹೇಳಲು ನಾಚಿಕೆಯಿಲ್ಲ. ಪಕ್ಷ ಹಿಡಿಯುವುದು ಪಾಪವಲ್ಲ, ಲೆಕ್ಕ ತಪ್ಪಿಸುವುದು ಪಾಪ. ಸಭೆಗೆ ಮುನ್ನೂರು ಮಂದಿ ಬಂದರೆ ಮುನ್ನೂರೆಂದೇ ಬರೆಯೋಣ. ಮೂರು ಸಾವಿರವೆಂದು ಬರೆದರೆ ಮಾಲಿಕರು ನಗುತ್ತಾರೆ, ಸಭೆಯಲ್ಲಿ ಕೂತಿದ್ದವನು ನಮ್ಮನ್ನು ನಂಬುವುದಿಲ್ಲ. ಹಣಬಲ ಮಾಲಿಕರದು, ಅಧಿಕಾರಬಲ ಸರಕಾರದ್ದು. ನಮ್ಮ ಬಳಿ ಇರುವುದು ಜನರ ನಂಬಿಕೆಯೊಂದೇ. ಈ ಪತ್ರಿಕೆಯಲ್ಲಿ ಒಂದು ಅಂಕಿ ತಪ್ಪಾಗಿ ಕಂಡರೂ ಸಂಘದ ಆಫೀಸಿಗೆ ಬಂದು ಹೇಳಿ. ಅದನ್ನು ತಿದ್ದಿ ಮುಂದಿನ ಸಂಚಿಕೆಯಲ್ಲೇ ಅಚ್ಚು ಹಾಕುವ ಪದ್ಧತಿಯನ್ನು ನಾವು ಇಂದಿನಿಂದಲೇ ಶುರು ಮಾಡೋಣ.

— ಒಬ್ಬ ಹೋಟೆಲ್ ಕಾರ್ಮಿಕ