ಪ್ರಶಸ್ತಿಯ ಕಡತ ಮತ್ತು ಕೊನೆಯ ಬೆಂಚು

ಶಿಕ್ಷಕರ ಪ್ರಶಸ್ತಿಗಳಿಗೆ ಅರ್ಜಿ ಕರೆಯುವ ಕಾಲ ಬಂದಾಗಲೆಲ್ಲ, ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಶಿಕ್ಷಕವೃತ್ತಿ ಹಿಡಿದಿರುವ ಕೆಲವರು ದೂರವಾಣಿ ಮಾಡಿ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: "ಸಾರ್, ನಾನೂ ಅರ್ಜಿ ಹಾಕಲೇ? ನಮ್ಮನ್ನು ನಾವೇ ಹೊಗಳಿಕೊಂಡು ಬರೆಯುವುದು ಸರಿಯೇ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ನನ್ನ ಅಭಿಪ್ರಾಯವನ್ನು ಇಲ್ಲಿಯೇ ಬರೆದಿಡುತ್ತಿದ್ದೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನಾದ್ದರಿಂದ ವಿಜ್ಞಾನ ಶಿಕ್ಷಕರೇ ನನ್ನ ಕಣ್ಣ ಮುಂದಿದ್ದಾರೆ. ನನ್ನ ಮಾತು ಕೆಲವರಿಗೆ ಕಹಿಯೆನಿಸಿದರೆ ನಾನೇನೂ ಮಾಡಲಾರೆ.

ಮೊದಲು "ಅರ್ಜಿ ಹಾಕಿ ಪಡೆಯುವುದೂ ಒಂದು ಪ್ರಶಸ್ತಿಯೇ?" ಎಂದು ಮೂಗು ಮುರಿಯುವವರಿಗೆ ಉತ್ತರ ಹೇಳುತ್ತೇನೆ. ತುಂಬಿದ ಕೊಡ ತುಳುಕುವುದಿಲ್ಲ, ಯೋಗ್ಯತೆಯನ್ನು ಸಮಾಜವೇ ಹುಡುಕಿಕೊಂಡು ಬರಬೇಕು ಎಂಬುದು ಅವರ ವಾದ. ಕೇಳಲು ಬಹಳ ಸೊಗಸಾಗಿದೆ. ಆದರೆ ಹುಡುಕಿಕೊಂಡು ಬರುತ್ತಿದ್ದವರು ಯಾರು? ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಆರಂಭವಾದದ್ದು 1958ರಲ್ಲಿ. ಅಲ್ಲಿಂದ ಸುಮಾರು ಆರು ದಶಕಗಳ ಕಾಲ ಹೆಸರುಗಳು ರಾಜ್ಯ ಸರ್ಕಾರಗಳ ಶಿಫಾರಸಿನ ಮೂಲಕವೇ ದೆಹಲಿಗೆ ಹೋಗುತ್ತಿದ್ದವು. ಕಚೇರಿಯಿಂದ ಕಚೇರಿಗೆ ಸಾಗುವ ಕಾಗದಕ್ಕೆ ಕಾಲುಗಳಿರುವುದಿಲ್ಲ. ಯಾರಾದರೂ ಅದನ್ನು ನಡೆಸಬೇಕು. ನಡೆಸಬಲ್ಲವರ ಪರಿಚಯವಿಲ್ಲದೆ ಎಲೆಮರೆಯ ಕಾಯಿಯಾಗಿಯೇ ನಿವೃತ್ತರಾದ ಎಷ್ಟೋ ಶಿಕ್ಷಕರನ್ನು ನಾನು ಬಲ್ಲೆ. 2018ರಲ್ಲಿ ನಿಯಮ ಬದಲಾಯಿತು. ಶಿಕ್ಷಕರು ಅಂತರ್ಜಾಲದ ಮೂಲಕ ತಾವೇ ಅರ್ಜಿ ಸಲ್ಲಿಸಬಹುದೆಂದಾಯಿತು. ಅದಕ್ಕೆ ಮೊದಲು ಮುನ್ನೂರನ್ನೂ ಮೀರಿರುತ್ತಿದ್ದ ಪ್ರಶಸ್ತಿಗಳ ಸಂಖ್ಯೆ ಆ ವರ್ಷ 45ಕ್ಕೆ ಇಳಿಯಿತು. ಈ ಬದಲಾವಣೆಯನ್ನು ನಾನು ಮನಃಪೂರ್ವಕ ಸ್ವಾಗತಿಸುತ್ತೇನೆ. ಮತ್ತೊಬ್ಬರ ಕೃಪೆಗೆ ಕಾಯುವುದಕ್ಕಿಂತ ತನ್ನ ಕೆಲಸವನ್ನು ತಾನೇ ಮುಂದಿಡುವುದು ಹೆಚ್ಚು ಮರ್ಯಾದೆಯ ಮಾರ್ಗ.

ಹಾಗಾದರೆ ನನ್ನ ತಕರಾರು ಯಾವುದು? ಅರ್ಜಿಯ ಬಗ್ಗೆ ಅಲ್ಲ, ಅರ್ಜಿ ಏನನ್ನು ಕೇಳುತ್ತದೆ ಎಂಬುದರ ಬಗ್ಗೆ. ಪೋರ್ಟ್‌ಫೋಲಿಯೊ ಎಂಬ ಹೆಸರಿನಲ್ಲಿ ದಾಖಲೆಗಳು, ಚಟುವಟಿಕೆಗಳ ವರದಿಗಳು, ಕ್ಷೇತ್ರಭೇಟಿಯ ವಿವರಗಳು, ಛಾಯಾಚಿತ್ರಗಳು, ವಿಡಿಯೊಗಳು ಎಲ್ಲವನ್ನೂ ಜೋಡಿಸಿ ಕಳುಹಿಸಬೇಕು. ಅರ್ಜಿಯಲ್ಲಿ ಹೇಳಿರುವ ಸಂಗತಿಗಳನ್ನು ಜಿಲ್ಲಾ ಸಮಿತಿ ಪರಿಶೀಲಿಸಬೇಕೆಂಬ ನಿಯಮವೇನೋ ಇದೆ. ಕೊನೆಯ ಹಂತಕ್ಕೆ ಬಂದವರು ರಾಷ್ಟ್ರಮಟ್ಟದ ತೀರ್ಪುಗಾರರ ಮುಂದೆ ತಮ್ಮ ಕೆಲಸವನ್ನು ವಿವರಿಸುತ್ತಾರೆ. ಆದರೆ ಸಂಗತಿಯನ್ನು ಪರಿಶೀಲಿಸುವುದು ಬೇರೆ, ಪಾಠವನ್ನು ನೋಡುವುದು ಬೇರೆ. ವಿಜ್ಞಾನ ಮೇಳ ನಡೆದದ್ದು ನಿಜವೇ ಎಂದು ಕಡತ ನೋಡಿ ಹೇಳಬಹುದು. ಆ ಮೇಳದಿಂದ ಒಂದು ಮಗುವಾದರೂ ಯೋಚಿಸಲು ಕಲಿಯಿತೇ ಎಂದು ಯಾವ ಕಡತವೂ ಹೇಳಲಾರದು.

ಉದಾಹರಣೆಯೊಂದನ್ನು ಕೊಡುತ್ತೇನೆ. ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠ ನಿಮಗೆಲ್ಲ ನೆನಪಿರಬೇಕು. ಲಿಟ್ಮಸ್ ಕಾಗದ ಮುಗಿದುಹೋಗಿದ್ದರೆ ಆರತಿಯ ಓಕುಳಿ ಸಾಕು. ಅರಿಶಿನದ ನೀರಿಗೆ ಸುಣ್ಣ ಬಿದ್ದೊಡನೆ ಕೆಂಪಾಗುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಇಷ್ಟಕ್ಕೇ ಪಾಠ ಮುಗಿಯಿತು ಎನ್ನುವಷ್ಟರಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಹಾಗಾದರೆ ಕುಂಕುಮಕ್ಕೆ ನಿಂಬೆರಸ ಹಾಕಿದರೂ ಹಳದಿಯಾಗುತ್ತದೆಯೇ?" ಎಂದು ಕೇಳುತ್ತಾಳೆ. ಉತ್ತರ ಪಠ್ಯಪುಸ್ತಕದಲ್ಲಿಲ್ಲ. ಆ ಕುಂಕುಮ ಯಾವುದರಿಂದ ತಯಾರಾಗಿದೆ ಎಂಬುದರ ಮೇಲೆ ಅದು ನಿಂತಿದೆ. ಒಳ್ಳೆಯ ಶಿಕ್ಷಕ ಆಗ, "ನಾಳೆ ಎಲ್ಲರೂ ಮನೆಯಿಂದ ಒಂದೊಂದು ಚಿಟಿಕೆ ತನ್ನಿ, ನೋಡಿಯೇ ಬಿಡೋಣ" ಎನ್ನುತ್ತಾನೆ. ಕೆಟ್ಟ ಶಿಕ್ಷಕ, "ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎನ್ನುತ್ತಾನೆ. ಇಬ್ಬರ ತರಗತಿಯ ಛಾಯಾಚಿತ್ರವನ್ನೂ ಅಕ್ಕಪಕ್ಕ ಇಡಿ: ಅದೇ ಕಪ್ಪುಹಲಗೆ, ಅದೇ ಬೀಕರು, ಅದೇ ಸಮವಸ್ತ್ರದ ಮಕ್ಕಳು. ವ್ಯತ್ಯಾಸವಿರುವುದು ಆ ಒಂದು ವಾಕ್ಯದಲ್ಲಿ. ಅದು ಚಿತ್ರದಲ್ಲಿ ಮೂಡುವುದಿಲ್ಲ.

ನನ್ನ ಸಹೋದ್ಯೋಗಿಯೊಬ್ಬರಿದ್ದರು. 2010ರ ಜನವರಿ 15ರ ಸೂರ್ಯಗ್ರಹಣದಂದು ಶಾಲೆಗೆ ಬಂದಿದ್ದ ಮಕ್ಕಳನ್ನೆಲ್ಲ ಮಾವಿನ ಮರದ ಕೆಳಗೆ ಕರೆದೊಯ್ದು, ಎಲೆಗಳ ಸಂದಿನಿಂದ ನೆಲಕ್ಕೆ ಬಿದ್ದ ಬೆಳಕಿನ ಚುಕ್ಕೆಗಳನ್ನು ತೋರಿಸಿದರು. ದಿನವೂ ದುಂಡಗಿರುವ ಚುಕ್ಕೆಗಳು ಅಂದು ಕುಡುಗೋಲಿನ ಆಕಾರದಲ್ಲಿದ್ದವು. ಸೂಜಿರಂಧ್ರ ಕ್ಯಾಮೆರಾದ ತತ್ತ್ವವನ್ನು ಮಕ್ಕಳು ಅಂಗಳದಲ್ಲಿಯೇ ಕಲಿತರು. ಅಷ್ಟೇ ಅಲ್ಲ, ಗ್ರಹಣದ ಹೊತ್ತಿನಲ್ಲಿಯೇ ಮೇಷ್ಟ್ರ ಜೊತೆ ಕುಳಿತು ಅವಲಕ್ಕಿ ತಿಂದರು. ಮುಂದೆ ಅವರ ಹೆಸರನ್ನು ಪ್ರಶಸ್ತಿಗೆ ಸೂಚಿಸುವ ಮಾತು ಬಂದಾಗ ಕಚೇರಿಯವರು ಕೇಳಿದ ಮೊದಲ ಪ್ರಶ್ನೆ: "ಫೋಟೋ ಇದೆಯೇ?" ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಅವಲಕ್ಕಿಯ ತಟ್ಟೆ. ವಿಷಯ ಅಲ್ಲಿಗೇ ನಿಂತಿತು.

ಕಡತದ ಈ ಹಸಿವು ಶಿಕ್ಷಕರನ್ನು ಮಾತ್ರ ಕೆಡಿಸಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ಮಕ್ಕಳ ಪಾಲಿನ ಪ್ರಶಸ್ತಿಗಳನ್ನೂ ಮುಟ್ಟಿದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್ ಯೋಜನೆ ಮೂಲತಃ ಉತ್ತಮವಾದದ್ದು. ಶಾಲೆ ಐದು ಮಕ್ಕಳ ಹೊಸ ಆಲೋಚನೆಗಳನ್ನು ಕಳುಹಿಸಬಹುದು. ಆಯ್ಕೆಯಾದ ಮಗುವಿಗೆ ಮಾದರಿ ತಯಾರಿಸಲು 10,000 ರೂಪಾಯಿ ದೊರೆಯುತ್ತದೆ. ಆಲೋಚನೆ ಮಗುವಿನದಾಗಿರಬೇಕು ಎಂಬುದೇ ಅದರ ಜೀವಾಳ. ಆದರೆ ನಡೆಯುತ್ತಿರುವುದೇನು? ತನ್ನ ಕಡತಕ್ಕೆ "ಮಾರ್ಗದರ್ಶಿ ಶಿಕ್ಷಕ" ಎಂಬ ಪ್ರಮಾಣಪತ್ರ ಬೇಕಾದ ಶಿಕ್ಷಕ ತಾನೇ ಆಲೋಚಿಸಿ, ತಾನೇ ಬರೆದು, ಅಂಗಡಿಯಿಂದ ಮಾದರಿ ತಂದು, ಮಗುವಿಗೆ ನಾಲ್ಕು ವಾಕ್ಯ ಬಾಯಿಪಾಠ ಮಾಡಿಸುತ್ತಾನೆ. ಎಲ್ಲರೂ ಹೀಗೆಂದು ನಾನು ಹೇಳುತ್ತಿಲ್ಲ. ಆದರೆ ವಸ್ತುಪ್ರದರ್ಶನಗಳಲ್ಲಿ, ತನ್ನ ಮಾದರಿಯ ಬಗ್ಗೆ ಎರಡನೆಯ ಪ್ರಶ್ನೆ ಕೇಳಿದೊಡನೆ ಶಿಕ್ಷಕರ ಮುಖ ನೋಡುವ ಮಕ್ಕಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹದಿಮೂರು ವರ್ಷದ ಮಗುವಿಗೆ ಅಲ್ಲಿ ಕಲಿಸಿದ್ದು ವಿಜ್ಞಾನವಲ್ಲ, ಸುಳ್ಳು ಹೇಳುವ ಕಲೆ.

"ಟೀಕಿಸುವುದು ಸುಲಭ, ಮೇಷ್ಟ್ರೇ, ಲಕ್ಷಾಂತರ ಶಿಕ್ಷಕರನ್ನು ಬೇರೆ ಹೇಗೆ ಅಳೆಯುವುದು?" ಎಂದು ನೀವು ಕೇಳಬಹುದು. ಅಳೆಯಲು ಬರುತ್ತದೆ, ಅಳೆದವರೂ ಇದ್ದಾರೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ವಿಜ್ಞಾನ ಬೋಧನೆಯ ಪ್ರಯೋಗವೊಂದು ಆರಂಭವಾಯಿತು. ಮಕ್ಕಳು ಸುತ್ತಲಿನ ಅಗ್ಗದ ವಸ್ತುಗಳಿಂದ ತಾವೇ ಪ್ರಯೋಗ ಮಾಡುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಬಹುದಿತ್ತು, ಕೈಯಿಂದ ಮಾಡಿ ತೋರಿಸುವ ಭಾಗವೂ ಇತ್ತು. ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ತಮ್ಮ ತರಗತಿಯ ತೊಡಕುಗಳನ್ನು ಚರ್ಚಿಸುತ್ತಿದ್ದರು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು ಎಂಬುದು ದುಃಖದ ಸಂಗತಿ. ಆದರೆ ಮಗುವಿಗೆ ಏನು ಬರುತ್ತದೆ ಎಂಬುದನ್ನು ಕಂಠಪಾಠವಿಲ್ಲದೆಯೂ ಅಳೆಯಬಹುದೆಂದು ಹಳ್ಳಿಯ ಸರ್ಕಾರಿ ಶಾಲೆಗಳೇ ತೋರಿಸಿಕೊಟ್ಟಿದ್ದವು.

ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳು ಮತ್ತೊಂದು ಉದಾಹರಣೆಯನ್ನು ಬಲ್ಲರು. ಗಣಿತ ಮತ್ತು ವಿಜ್ಞಾನ ಶಿಕ್ಷಕರಿಗಾಗಿ ಅಲ್ಲಿ ಅಧ್ಯಕ್ಷರ ಹೆಸರಿನ ಪ್ರಶಸ್ತಿಯೊಂದು 1983ರಲ್ಲಿ ಸ್ಥಾಪನೆಯಾಯಿತು. ಶಿಕ್ಷಕರ ಹೆಸರನ್ನು ವಿದ್ಯಾರ್ಥಿಗಳೂ ಪೋಷಕರೂ ಸೂಚಿಸಬಹುದಿತ್ತು. ಅರ್ಜಿದಾರರು ತಮ್ಮ ತರಗತಿಯ ಒಂದು ಪಾಠವನ್ನು ಕತ್ತರಿ ಹಾಕದ ವಿಡಿಯೊ ರೂಪದಲ್ಲಿ ಕಳುಹಿಸಿ, ಆ ಪಾಠ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬ ಬಗ್ಗೆ ತಮ್ಮ ಚಿಂತನೆಯನ್ನು ಬರೆಯಬೇಕಿತ್ತು. ಪರದೇಶದ್ದೆಲ್ಲ ಶ್ರೇಷ್ಠವೆಂಬ ಭ್ರಮೆ ನನಗಿಲ್ಲ. ಆದರೆ ಪಾಠವನ್ನು ನೋಡದೆ ಪಾಠ ಮಾಡುವವರಿಗೆ ಪ್ರಶಸ್ತಿ ಕೊಡಲಾಗದು ಎಂಬ ಸಾಮಾನ್ಯ ವಿವೇಕ ಅದರಲ್ಲಿದೆ.

ಇನ್ನೊಂದು ಅನ್ಯಾಯದ ಬಗ್ಗೆ ಹೇಳದಿದ್ದರೆ ಈ ಬರಹ ಅಪೂರ್ಣ. ರಾಷ್ಟ್ರೀಯ ಪ್ರಶಸ್ತಿಯ ನಿಯಮಗಳ ಪ್ರಕಾರ ಮನೆಪಾಠ ನಡೆಸುವವರು ಅರ್ಹರಲ್ಲ, ಅದು ಸರಿ. ಗುತ್ತಿಗೆ ಶಿಕ್ಷಕರೂ ಅರ್ಹರಲ್ಲ. ಇದು ಯಾವ ನ್ಯಾಯ? ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಸಾವಿರಾರು ಅತಿಥಿ ಶಿಕ್ಷಕರು ದುಡಿಯುತ್ತಿದ್ದಾರೆ. ಎಷ್ಟೋ ಹಳ್ಳಿಗಳಲ್ಲಿ ಎಸ್.ಎಸ್.ಎಲ್.ಸಿ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವರು ಅವರೇ. ಬೇಸಿಗೆ ರಜೆಯಲ್ಲಿ ಅವರಿಗೆ ಸಂಬಳವಿಲ್ಲ, ಜೂನ್ ತಿಂಗಳಲ್ಲಿ ಮತ್ತೆ ಕರೆ ಬರುತ್ತದೆಂಬ ಖಾತ್ರಿಯಿಲ್ಲ. ಅತಿಥಿಯನ್ನು ದೇವರೆಂದು ಕರೆದ ನಾಡಿನಲ್ಲಿ ಈ ಅತಿಥಿಗಳಿಗೆ ಅರ್ಜಿ ನಮೂನೆಯನ್ನು ತುಂಬುವ ಹಕ್ಕೂ ಇಲ್ಲ. ಪ್ರಶಸ್ತಿ ಇರುವುದು ಬೋಧನೆಗೋ, ನೇಮಕಾತಿ ಆದೇಶಕ್ಕೋ?

ಆದ್ದರಿಂದ ನನ್ನ ಉತ್ತರ ಹೀಗಿದೆ. ಅರ್ಜಿ ಹಾಕಿ, ಸಂಕೋಚ ಬೇಡ. ಆದರೆ ಕಡತಕ್ಕಾಗಿ ಒಂದು ಪ್ರಯೋಗವನ್ನೂ ಮಾಡಬೇಡಿ. ಮಾಡಿದ ಪ್ರಯೋಗ ಕಡತಕ್ಕೆ ಸೇರಿದರೆ ಸೇರಲಿ. ಕ್ಯಾಮೆರಾಕ್ಕಾಗಿ ಮಗುವಿನ ಕೈಗೆ ಪ್ರನಾಳ ಹಿಡಿಸಬೇಡಿ. ನಿಮ್ಮ ಬರವಣಿಗೆಯಲ್ಲಿ ಸಭೆ ಸಮಾರಂಭಗಳ ಪಟ್ಟಿಗಿಂತ ಮೊದಲು, ಮಕ್ಕಳು ಕೇಳಿದ ಐದು ಪ್ರಶ್ನೆಗಳನ್ನೂ ಅವುಗಳಿಗೆ ನೀವು ಉತ್ತರ ಹುಡುಕಿದ ಬಗೆಯನ್ನೂ ಬರೆಯಿರಿ.

ಆಯ್ಕೆ ಸಮಿತಿಗಳಲ್ಲಿ ಕುಳಿತಿರುವ ನನ್ನ ವಿದ್ಯಾರ್ಥಿಗಳೂ ಇದ್ದಾರೆಂದು ಬಲ್ಲೆ. ಅವರಲ್ಲಿ ನನ್ನದೊಂದೇ ಬೇಡಿಕೆ: ಸಹಿ ಹಾಕುವ ಮುನ್ನ, ಮುಂಚಿತವಾಗಿ ತಿಳಿಸದೆ, ಆ ಶಿಕ್ಷಕರ ಶಾಲೆಗೆ ಹೋಗಿ. ಹಾರ ತುರಾಯಿ ಬೇಡ, ಮುಖ್ಯೋಪಾಧ್ಯಾಯರ ಕೊಠಡಿಯ ಕಾಫಿಯೂ ಬೇಡ. ಕೊನೆಯ ಬೆಂಚಿನಲ್ಲಿ ನಲವತ್ತು ನಿಮಿಷ ಸುಮ್ಮನೆ ಕುಳಿತು, ಎಷ್ಟು ಮಕ್ಕಳು ಹೆದರದೆ ಪ್ರಶ್ನೆ ಕೇಳುತ್ತಾರೆ ಎಂದು ಎಣಿಸಿಕೊಂಡು ಬನ್ನಿ. ಅಂಕ ಕೊಡಲು ನಿಮಗೆ ಅಷ್ಟು ಸಾಕು.