ಖಡಕಿಯಲ್ಲಿ ಆಫ್ರಿಕಾದ ಸಿಪಾಯಿ

ಪುಣೆಯ ಖಡಕಿಯಲ್ಲಿರುವ ಯುದ್ಧಸ್ಮಶಾನಕ್ಕೆ ಹೋದವರು ಒಪ್ಪವಾಗಿ ಕತ್ತರಿಸಿದ ಹುಲ್ಲು, ಸಾಲು ಹಿಡಿದ ಸಮಾಧಿಕಲ್ಲುಗಳನ್ನು ನೋಡಿ ಹಿಂದಿರುಗುತ್ತಾರೆ. ಅದೇ ಆವರಣದಲ್ಲಿ ಇನ್ನೊಂದು ಸ್ಮಾರಕವಿದೆ. 1939ರಿಂದ 1947ರ ನಡುವೆ ಭಾರತದಲ್ಲಿ, ರಣರಂಗದಿಂದ ದೂರ ತೀರಿಕೊಂಡ ಪೂರ್ವ ಮತ್ತು ಪಶ್ಚಿಮ ಆಫ್ರಿಕಾದ 193 ಸೈನಿಕರದು ಅದು.

ಅವರಿಗೂ ನಮ್ಮ ನೆಲಕ್ಕೂ ಎತ್ತಣ ನಂಟು? ಬರ್ಮಾದಲ್ಲಿ ಬ್ರಿಟನ್ನಿಗೂ ಜಪಾನಿಗೂ ಕಾಳಗ ನಡೆದಿತ್ತು. ಇಬ್ಬರಿಗೂ ಬೇಕಾಗಿದ್ದದ್ದು ಮೂರನೆಯವರ ನೆಲ. ಅದಕ್ಕಾಗಿ ಆಫ್ರಿಕಾದ ಹಳ್ಳಿಗಳ ಹುಡುಗರನ್ನು ಹಡಗು ಹತ್ತಿಸಿ ತಂದರು. ಜಪಾನು ‘ಏಷ್ಯಾ ಏಷ್ಯನ್ನರಿಗೆ’ ಎಂದು ಸಾರಿತು. 1910ರಿಂದ ಅದರ ಕೈಕೆಳಗಿದ್ದ ಕೊರಿಯಾದವರನ್ನು ಕೇಳಿದ್ದರೆ ಆ ಮಾತಿನ ಬೆಲೆ ತಿಳಿಯುತ್ತಿತ್ತು.

ಇದೇ ಖಡಕಿಯಲ್ಲಿ 1817ರ ನವೆಂಬರ್ 5ರಂದು ಪೇಶ್ವೆ ಎರಡನೇ ಬಾಜೀರಾಯನ ದಂಡಿಗೂ ಈಸ್ಟ್ ಇಂಡಿಯಾ ಕಂಪನಿಯ ದಂಡಿಗೂ ಕಾಳಗವಾಯಿತು. ಕಂಪನಿಯ ಪಾಳೆಯದಲ್ಲೂ ಬಂದೂಕು ಹಿಡಿದವರು ಬಹುಪಾಲು ಈ ನೆಲದವರೇ. ಎರಡು ತಿಂಗಳು ತುಂಬುವ ಮೊದಲೇ, 1818ರ ಜನವರಿ 1ರಂದು, ಕೋರೆಗಾಂವ್‌ನಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ಮಹಾರ್ ಸಿಪಾಯಿಗಳು ಕಂಪನಿಯ ಪರ ಕಾದಿದರು. ಇದನ್ನು ದ್ರೋಹ ಎನ್ನುವವರು, ಪೇಶ್ವೆಯ ರಾಜ್ಯದಲ್ಲಿ ಮಹಾರನೊಬ್ಬನ ಬಾಳು ಹೇಗಿತ್ತೆಂದು ಮೊದಲು ಕೇಳಿಕೊಳ್ಳಲಿ. ಇನ್ನು ಗೆದ್ದವರು ಋಣ ತೀರಿಸಿದ್ದು ಹೇಗೆ? ಕೋರೆಗಾಂವ್‌ನಲ್ಲಿ ಸ್ತಂಭ ನಿಲ್ಲಿಸಿ ಸತ್ತವರ ಹೆಸರು ಕೆತ್ತಿಸಿದರು. 1890ರ ದಶಕದಲ್ಲಿ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು.

ನಮ್ಮ ಕಡೆಯ ಕತೆಯೂ ಬೇರೆಯಲ್ಲ. ಅದೇ ಯುದ್ಧದಲ್ಲಿ ಧಾರವಾಡ, ಬಾದಾಮಿ, ಬೆಳಗಾವಿ ಸೀಮೆಯನ್ನು ಹಿಡಿಯಲು ಬಂದ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಹತ್ತಿರ ಸೈನ್ಯ ಕಡಿಮೆಯಿತ್ತು. ಅವನು ಊರೂರಿನ ಆಳುಗಳನ್ನೇ ಕಟ್ಟಿಕೊಂಡ. ಪೇಶ್ವೆಯ ವಸೂಲಿಯಿಂದ ರೋಸಿದ್ದ ಜನ ಅವನ ಕಡೆ ವಾಲಿದರು. ನಲವತ್ತು ವರ್ಷ ಕಳೆಯಿತು. 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರಿಗೆ ಆಯುಧ ಒಪ್ಪಿಸಿರೆಂದು ಅದೇ ಕಂಪನಿಯ ಹುಕುಂ ಬಂತು. ಒಪ್ಪದಿದ್ದುದಕ್ಕೆ ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು.

ಶತ್ರುವಿನ ಶತ್ರು ಮಿತ್ರ ಎಂಬುದು ಅರಸರ ಲೆಕ್ಕ. ಆಳಿಸಿಕೊಳ್ಳುವವನು ಅದನ್ನು ಕೂಡಿಸಿದಾಗಲೆಲ್ಲ ಮೊತ್ತ ಸೊನ್ನೆಯೇ ಬಂದಿದೆ. ಹಾಗಾದರೆ ಅವನು ಕೈ ಚಾಚಬೇಕಾದದ್ದು ಯಾರತ್ತ?

ಈ ಪ್ರಶ್ನೆಗೆ ಒಂದು ಉತ್ತರ ಪುಣೆಯಲ್ಲೇ ಹುಟ್ಟಿತು. ಖಡಕಿಯ ಯುದ್ಧವಾಗಿ ಹತ್ತು ವರ್ಷಕ್ಕೆ ಹುಟ್ಟಿದ ಜೋತಿಬಾ ಫುಲೆ, 1873ರಲ್ಲಿ ‘ಗುಲಾಮಗಿರಿ’ ಪುಸ್ತಕವನ್ನು ಅರ್ಪಿಸಿದ್ದು ಅಮೆರಿಕದಲ್ಲಿ ನೀಗ್ರೋ ಗುಲಾಮಗಿರಿಯನ್ನು ತೊಡೆಯಲು ಹೆಣಗಿದ ಜನರಿಗೆ. ಹಡಗಿನಲ್ಲಿ ವಾರಗಟ್ಟಲೆ ದೂರದ ದೇಶ, ಕಣ್ಣಿಂದ ಕಾಣದ ಜನ; ಆದರೂ ಆ ನೋವು ತನ್ನೂರಿನ ಕೇರಿಯದೇ ಎಂದು ಅವರಿಗೆ ಹೊಳೆಯಿತು. ಬ್ರಿಟಿಷರ ಬಗ್ಗೆ ಫುಲೆಗೆ ಒಂದಿಷ್ಟು ಹೆಚ್ಚೇ ನಂಬಿಕೆಯಿತ್ತು ಎಂದು ನನಗನ್ನಿಸುತ್ತದೆ. ಹಾಗೆಂದು ಅವರ ಮುಂದೆ ಬಾಯಿ ಕಟ್ಟಿಕೊಂಡವರಲ್ಲ. 1888ರಲ್ಲಿ ವಿಕ್ಟೋರಿಯಾ ರಾಣಿಯ ಮಗ ಡ್ಯೂಕ್ ಆಫ್ ಕನಾಟ್‌ಗೆ ಪುಣೆಯಲ್ಲಿ ಔತಣ. ಜರಿ, ಒಡವೆ ತೊಟ್ಟ ಗಣ್ಯರ ನಡುವೆ ಫುಲೆ ಬಡ ರೈತನ ಉಡುಪಿನಲ್ಲಿ ಹೋದರು. ಈ ದೇಶವೆಂದರೆ ಈ ಒಡವೆಯವರಲ್ಲ, ಹಳ್ಳಿಗಳಲ್ಲಿರುವವರು ಎಂದು ರಾಜಕುಮಾರನೆದುರೇ ಹೇಳಿದರು.

ಆಫ್ರಿಕಾದ ಸಿಪಾಯಿಗಳು ಇಲ್ಲಿ ಸಾಯುತ್ತಿದ್ದ ಆ ವರ್ಷಗಳಲ್ಲೇ, 1946ರಲ್ಲಿ, ಅಂಬೇಡ್ಕರ್ ಅಮೆರಿಕದ ಕರಿಯ ಚಿಂತಕ ಡು ಬಾಯ್ಸ್‌ಗೆ ಒಂದು ಪತ್ರ ಬರೆದರು. ಅಲ್ಲಿನ ನೀಗ್ರೋಗಳು ವಿಶ್ವಸಂಸ್ಥೆಗೆ ಅಹವಾಲು ಸಲ್ಲಿಸಿದ್ದಾರಂತೆ, ಇಲ್ಲಿನ ಅಸ್ಪೃಶ್ಯರೂ ಹಾಗೆ ಮಾಡುವ ಯೋಚನೆಯಲ್ಲಿದ್ದಾರೆ. ಆ ಅಹವಾಲಿನ ಎರಡು ಮೂರು ಪ್ರತಿ ದೊರಕಿಸಿ ಕಳಿಸಬಹುದೇ ಎಂದು ಕೇಳಿದ್ದರು. ಡು ಬಾಯ್ಸ್ ಜುಲೈನಲ್ಲಿ ಉತ್ತರ ಬರೆದರು.